ಅಕ್ಕನ ಮನೆಯ ಚಡವಿಗೆ ಚಳಿ

ವೇಣೂರಿನ ಬಸ್ಸು

ಅಕ್ಕನ ಫೋನು ಬಂದಾಗ ನಾನು ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೆ. ಅಕ್ಕ ಹೇಳುವ ಪ್ರಕಾರ ನಾನು ಗುರುವಾಯನಕೆರೆಯ ಹೋಟೆಲಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದೆ. ಅಗಿಯುವ ಸದ್ದು ಅವಳಿಗೆ ಕೇಳಿಸಿತಂತೆ. ಆ ವಾರ ಅವಳು ಎಂಟೋ ಹತ್ತೋ ಸಲ ಫೋನು ಮಾಡಿದ್ದರಿಂದ ಎರಡೂ ನಿಜ ಇರಬಹುದು. ಈ ಬರಹದಲ್ಲಿ ಇಂಥ ಜಾಗಗಳು ಇನ್ನೂ ಬರುತ್ತವೆ. ನನಗೆ ನೆನಪಿರುವಂತೆ ಬರೆಯುತ್ತೇನೆ. ನೆನಪು ತೀರಾ ಸಲೀಸಾಗಿ ಹರಿಯತೊಡಗಿದ ಕಡೆ ನನಗೇ ಸಂಶಯ ಬರುತ್ತದೆ. ಅಲ್ಲಿ ಅಕ್ಕ ಮತ್ತು ಭಾವ ಹೇಳಿದ್ದನ್ನೂ ಸೇರಿಸುತ್ತೇನೆ. ಇನ್ನೊಂದು ಮಾತು: ನಾವು ಮೂವರು ಆಡಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಎಷ್ಟು ಸೋರಿಹೋಯಿತೋ ಗೊತ್ತಿಲ್ಲ.

“ಸದಾ, ನೀನು ಡಾಮರಿನ ಜನ ಅಲ್ವಾ? ಒಮ್ಮೆ ಬಂದು ಹೋಗು ಮಾರಾಯ,” ಎಂದಳು ಅಕ್ಕ.

ವಾರಿಜಕ್ಕ ಇರುವುದು ಕೆನಡಾದ ಉತ್ತರದ ಒಂದು ಸಣ್ಣ ಊರಿನಲ್ಲಿ. ಭಾವ ಮೊದಲು ಗಲ್ಫಿನಲ್ಲಿ ಕಾರ್ಮಿಕರ ಕ್ಯಾಂಪಿಗೆ ಅಡುಗೆ ಮಾಡುತ್ತಿದ್ದವರು, ಅಲ್ಲಿಂದ ಈ ಊರಿನ ಗಣಿಯ ಕ್ಯಾಂಟೀನಿಗೆ ಬಂದು ಉಳಿದುಬಿಟ್ಟರು. ಈಗ ಅವರ ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಒಂದು ಗಾಡಿ ಬಂದು ಕರೆದುಕೊಂಡು ಹೋಗುತ್ತದೆ. ಮನೆ ಎತ್ತರದಲ್ಲಿದೆ, ಬೀದಿಯಿಂದ ಬಾಗಿಲಿನವರೆಗೆ ಡಾಮರು ಹಾಕಿದ ಏರುದಾರಿ, ನಾವು ಚಡವು ಎನ್ನುವಂಥದ್ದು. ಹಿಂದಿನ ಚಳಿಗಾಲದಲ್ಲಿ ಆ ಚಡವು ಬಿರುಕು ಬಿಟ್ಟು, ನಡುವೆ ಹೊಂಡ ಬಿದ್ದು, ಹೊಂಡದಲ್ಲಿ ಮಂಜುಗಡ್ಡೆ ಕಟ್ಟಿ, ಒಂದು ದಿನ ಗಾಡಿಯ ಚಾಲಕಿಗೆ ಬಾಗಿಲಿನವರೆಗೆ ಬರಲು ಆಗಲೇ ಇಲ್ಲ.

“ಇವರ ನಿಯಮ ಹಾಗುಂಟು,” ಎಂದಳು ಅಕ್ಕ. “ಗಾಡಿ ಮೇಲೆ ಬರದಿದ್ದರೂ ಆಗ್ತದೆ, ಆದ್ರೆ ಡ್ರೈವರು ಬಾಗಿಲಿಗೆ ನಡೆದು ಬಂದು ಕೈ ಹಿಡಿದು ಕರಕೊಂಡು ಹೋಗ್ಲಿಕ್ಕಾಗಬೇಕು. ಒಂದು ಸಲ ಆಗ್ಲಿಲ್ಲ, ಬರಕೊಂಡಿದ್ದಾರೆ. ಇನ್ನೊಂದು ಸಲ ಆದ್ರೆ ಲಿಸ್ಟಿನಿಂದ ಹೆಸರು ತೆಗೀತಾರೆ. ಮತ್ತೆ ಭಾವನನ್ನು ವಾರಕ್ಕೆ ಮೂರು ಸಲ ಹೊತ್ತುಕೊಂಡು ಹೋಗುವವರು ಯಾರು? ನಾನಾ?”

ಅಕ್ಕ ಬ್ರೆಡ್ಡಿನ ಕಾರ್ಖಾನೆಗೆ ಹೋಗುತ್ತಾಳೆ. ಕಾರು ಓಡಿಸುತ್ತಾಳೆ, ಆದರೆ ಮಂಜು ಬಿದ್ದ ಮೇಲೆ ಮುಟ್ಟುವುದಿಲ್ಲ. ಊರಿನ ಡಾಮರಿನವರು ಮುಂದಿನ ಬೇಸಿಗೆಗೆ ಬರುತ್ತೇವೆ ಎಂದಿದ್ದರು. ಉಳಿದವನು ನಾನು. ಮೂವತ್ತು ವರ್ಷ ಬೆಳ್ತಂಗಡಿ, ಬಂಟ್ವಾಳದ ಒಳರಸ್ತೆಗಳಿಗೆ ಡಾಮರು ಹಾಕಿಸಿದ ಮೇಸ್ತ್ರಿ. ಆ ರಸ್ತೆಗಳಲ್ಲಿ ಎಷ್ಟು ಉಳಿದಿವೆ ಎಂದು ಅಕ್ಕ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಿಮಾನ ನಿಲ್ದಾಣ

“ಏಕೆ ಬಂದಿದ್ದೀರಿ?” ಎಂದು ಗಾಜಿನ ಹಿಂದಿದ್ದ ಅಧಿಕಾರಿ ಕೇಳಿದ.

ಅಕ್ಕನನ್ನು ನೋಡಲು ಎಂದರೆ ಮುಗಿಯುತ್ತಿತ್ತು. ನಾನು ಸತ್ಯ ಹೇಳಿದೆ. ಅಕ್ಕನ ಮನೆಯ ಡಾಮರು ರಿಪೇರಿಗೆ ಎಂದೆ. ಅವನು ಪಾಸ್‌ಪೋರ್ಟನ್ನು ಮುಚ್ಚಿ, ನನ್ನನ್ನು ಪಕ್ಕದ ಕೋಣೆಗೆ ಕಳಿಸಿದ. ಅಲ್ಲಿ ಕೂದಲು ಬೆಳ್ಳಗಾದ ಒಬ್ಬ ಅಧಿಕಾರಿಣಿ ಇದ್ದಳು.

“ಯಾವ ಕಂಪನಿಯ ಕೆಲಸ?”

“ಅಕ್ಕ.”

“ಕೂಲಿ?”

“ಅಕ್ಕ ಊಟ ಹಾಕುತ್ತಾಳೆ.”

ಅವಳು ನನ್ನ ಚೀಲ ಬಿಚ್ಚಿಸಿದಳು. ಒಂದು ಕರಣೆ, ತೂಗುಗುಂಡು, ಸುತ್ತಿಟ್ಟ ನೂಲು, ಮೂರು ಉಣ್ಣೆಯ ಟೊಪ್ಪಿ ಹೊರಬಂದವು. ಕರಣೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಊರಿಗೆ ವಾಪಸು ಕಳಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಫರಂಗಿಪೇಟೆಯಲ್ಲಿ ನನ್ನನ್ನು ಬೀಳ್ಕೊಟ್ಟ ಗೆಳೆಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

“ಇಳಿಜಾರು ಎಷ್ಟು?” ಎಂದು ಕೇಳಿದಳು.

ಕೈ ಓರೆ ಮಾಡಿ ತೋರಿಸಿದೆ. ಅವಳು ತನ್ನ ಕೈಯನ್ನೂ ಓರೆ ಮಾಡಿದಳು. ನನ್ನದಕ್ಕಿಂತ ಹೆಚ್ಚು ಓರೆ. ತನ್ನ ಮನೆಯದು ಹೀಗೆ ಎಂದಳು. ಮೊದಲು ಬಿರುಕು ತುಂಬಿಸು, ಆಮೇಲೆ ಮೇಲಿನ ಕಪ್ಪು ಬಳಿ, ಅವಸರ ಮಾಡಬೇಡ ಎಂದು ಹೇಳಿದಳು. ಸಂಬಳ ಇಲ್ಲದ ಕೆಲಸ ಎಂದು ಏನೋ ಬರೆದುಕೊಂಡು ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದಳು. ಆ ಠಸ್ಸೆ ಬಿದ್ದದ್ದು ನನ್ನ ಸತ್ಯಕ್ಕೋ ಅವಳ ಮನೆಯ ಬಿರುಕಿಗೋ ಇವತ್ತಿಗೂ ತಿಳಿದಿಲ್ಲ.

ಮೊದಲ ಬೆಳಿಗ್ಗೆ

ಎರಡೂ ಕೈ ಚಾಚಿ ಮಾರು ಹಾಕಿ ಚಡವನ್ನು ಅಳೆದೆ. ಹನ್ನೊಂದು ಮಾರು. ಬೀದಿಯ ಹತ್ತಿರ, ಬಾಯಿಯಲ್ಲಿ, ಅದು ಕಿರಿದಾಗುತ್ತದೆ: ಬಲಕ್ಕೆ ಪಕ್ಕದ ಮನೆಯವರ ಒತ್ತಾದ ಮುಳ್ಳುಬೇಲಿ, ಎಡಕ್ಕೆ ಆಳವಾದ ಚರಂಡಿ. ಬದಿಯಲ್ಲಿ ಕಾಲಿಡಲು ಜಾಗ ಇಲ್ಲ. ಡಾಮರು ಬೂದಿ ಬಣ್ಣಕ್ಕೆ ತಿರುಗಿತ್ತು. ಬಿರುಕುಗಳು ಒಣಗಿದ ಕೆರೆಯ ತಳದ ಹಾಗೆ ಹರಡಿದ್ದವು, ಕೆಲವದರಲ್ಲಿ ಹುಲ್ಲು ಹುಟ್ಟಿತ್ತು.

ಇಷ್ಟೇನಾ ಎನಿಸಿತು. ನಮ್ಮಲ್ಲಿ ಇದನ್ನು ಒಳ್ಳೆಯ ರಸ್ತೆ ಎನ್ನುತ್ತಾರೆ.

ಭಾವ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಿಂದೆ ದೊಡ್ಡ ದೇಹದವರು. ಈಗ ಅಂಗಿಯ ಒಳಗೆ ಎಲ್ಲೋ ಇದ್ದರು. ದನಿ ಮಾತ್ರ ಮುನ್ನೂರು ಜನರಿಗೆ ಬಡಿಸುವಾಗಿನದೇ. ನಮ್ಮಲ್ಲಿ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.

“ಎಂತ ಭಾವ, ಟೆಂಡರು ಕರೀತೀಯಾ?”

“ನೋಡ್ತಾ ಇದ್ದೇನೆ.”

“ನೋಡಿ ನೋಡಿ ವೇಣೂರಿನ ರಸ್ತೆ ಹೋಯ್ತು.”

ಪಕ್ಕದ ಮನೆಯ ಪೆಕ್ಕ ಬೇಲಿಯ ಆಚೆ ನಿಂತಿದ್ದ. ಅವನ ಅಜ್ಜ ಫಿನ್‌ಲೆಂಡಿನಿಂದ ಬಂದವನಂತೆ. ಎಪ್ಪತ್ತು ದಾಟಿದ ಮನುಷ್ಯ, ಒಂದು ವಾಕ್ಯ ಆಡಿದರೆ ಇನ್ನೊಂದಕ್ಕೆ ಎರಡು ನಿಮಿಷ ಕಾಯಬೇಕು. ಮೂವತ್ತು ವರ್ಷ ಡಾಮರು ಹಾಕಿದವನು ನಾನು ಎಂದು ಪರಿಚಯ ಹೇಳಿಕೊಂಡೆ. ಮೂವತ್ತು ವರ್ಷ ಎಂಬುದನ್ನು ಎರಡು ಸಲ ಹೇಳಿದೆ. ಅವನು ಗೌರವದಿಂದ ತಲೆಯಾಡಿಸಿದ.

“ಈ ಹೊಂಡ ಯಾವ ಗಾಡಿಯಿಂದ ಆಯಿತು?” ಎಂದು ಕೇಳಿದೆ.

“ಗಾಡಿಯಿಂದ ಅಲ್ಲ.”

“ಮತ್ತೆ ಯಾರು ಮಾಡಿದ್ದು?”

ಎರಡು ನಿಮಿಷ ಕಾದೆ.

“ನೀರು,” ಎಂದ. “ಬಿರುಕಿಗೆ ಹೋಗುತ್ತದೆ. ಅಲ್ಲೇ ಮಲಗುತ್ತದೆ. ರಾತ್ರಿ ದಪ್ಪ ಆಗುತ್ತದೆ. ಹಗಲು ಕರಗಿ ಇನ್ನೂ ಕೆಳಗೆ ಹೋಗುತ್ತದೆ. ಮತ್ತೆ ರಾತ್ರಿ ದಪ್ಪ ಆಗುತ್ತದೆ.”

ಇದು ನನ್ನ ತಲೆಗೆ ಹೋಗಲು ಹೊತ್ತು ಹಿಡಿಯಿತು. ನಮ್ಮಲ್ಲಿ ರಸ್ತೆಯ ಶತ್ರು ಹರಿಯುವ ನೀರು. ಜೂನಿನಲ್ಲಿ ಅದು ಗುಡ್ಡದಿಂದ ಇಳಿದು ಬರುತ್ತದೆ, ಡಾಮರನ್ನು ಸುಲಿದು ಜಲ್ಲಿಯನ್ನು ಹೊತ್ತು ಫಲ್ಗುಣಿಗೋ ನೇತ್ರಾವತಿಗೋ ಹಾಕುತ್ತದೆ. ಅದು ಹೋಗುವ ಸದ್ದು ಕೇಳುತ್ತದೆ, ಬೈಯಬಹುದು. ಇಲ್ಲಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಸುಮ್ಮನೆ ಕೂತು ದಪ್ಪವಾಗಿ ರಸ್ತೆಯನ್ನು ಒಳಗಿಂದ ಎತ್ತುತ್ತದೆ. ಡಾಮರು ಅದೇ, ಜಲ್ಲಿ ಅದೇ, ವಾಸನೆಯೂ ಅದೇ. ಹಾಗಿದ್ದೂ ನನಗೆ ಗೊತ್ತಿದ್ದ ಒಂದು ಸಂಗತಿಯೂ ಇಲ್ಲಿ ಕೆಲಸಕ್ಕೆ ಬರುವ ಹಾಗೆ ಕಾಣಲಿಲ್ಲ. ನಾನದನ್ನು ಯಾರಿಗೂ ಹೇಳಲಿಲ್ಲ.

ಶನಿವಾರದಿಂದ ಮಂಗಳವಾರ

ಬಿರುಕಿನ ಹುಲ್ಲನ್ನು ಚಾಕುವಿನಿಂದ ಕೆರೆದು ತೆಗೆದೆ. ತೊಳೆದು ಒಣಗಲು ಬಿಟ್ಟು, ರಬ್ಬರಿನಂತೆ ಎಳೆಯುವ ಡಾಮರನ್ನು ಕಾಯಿಸಿ ಬಿರುಕುಗಳಿಗೆ ಹೊಯ್ದೆ. ಹೊಂಡಕ್ಕೆ ಚೀಲದಲ್ಲಿ ಬರುವ ತಣ್ಣನೆಯ ಡಾಮರುಜಲ್ಲಿ ತುಂಬಿ ಗುದ್ದಿದೆ. ಇಷ್ಟಕ್ಕೆ ಒಂದು ವಾರ. ಹಾಗೆಂದು ನನ್ನ ಲೆಕ್ಕ. ಅಕ್ಕ ಮೂರು ದಿನ ಎನ್ನುತ್ತಾಳೆ, ಉಳಿದ ದಿನ ನಾನು ಬಿಸಿಲು ಕಾಯಿಸಿಕೊಳ್ಳುತ್ತಿದ್ದೆನಂತೆ.

ಕಷ್ಟ ಇದ್ದದ್ದು ಕೊನೆಯ ಬಳಿತದಲ್ಲಿ. ಡಬ್ಬಿಯಲ್ಲಿ ಬರುವ ಒಂದು ಕಪ್ಪು ದ್ರವ. ಅದನ್ನು ಬಳಿದರೆ ಮೇಲಿನಿಂದ ನೀರು ಇಳಿಯುವುದಿಲ್ಲ. ಆದರೆ ಬಳಿಯುವ ದಿನ ಚಳಿ ಇರಬಾರದು, ಬಳಿದ ಮೇಲೆ ಮಳೆ ಬರಬಾರದು, ಎರಡು ದಿನ ಯಾರೂ ತುಳಿಯಬಾರದು. ಭಾವ ತುಳಿಯದೆ ಇರುವುದು ಶನಿವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಿಗ್ಗೆಯ ತನಕ ಮಾತ್ರ. ಅಂಥ ಶನಿವಾರಕ್ಕೆ ಕಾದೆವು. ಮೊದಲನೆಯ ಶನಿವಾರ ಮಳೆ. ಎರಡನೆಯದು ಚಳಿ. ಮರಗಳು ಹಳದಿಯಾಗಿ, ಕೆಂಪಾಗಿ, ಉದುರತೊಡಗಿದವು. ಎಲ್ಲರೂ ಎಷ್ಟು ಚೆಂದ ಎನ್ನುತ್ತಿದ್ದರು. ನನಗೆ ದಿನ ಕಳೆಯುತ್ತಿರುವುದು ಮಾತ್ರ ಕಾಣುತ್ತಿತ್ತು.

ಮೂರನೆಯ ಶನಿವಾರ ಬಿಸಿಲು ಬಂತು. ಭಾವ ಆಸ್ಪತ್ರೆಯಿಂದ ಬಂದು ಒಳಗೆ ಹೋದದ್ದೇ ಕೆಳಗಿನಿಂದ ಬಳಿಯಲು ಶುರು ಮಾಡಿದೆ, ಮುಗಿಯುವಾಗ ಬಾಗಿಲ ಹತ್ತಿರ ಇರುತ್ತೇನೆ, ಚಹಾ ಕುಡಿಯಬಹುದು ಎಂದು. ಕಿಟಕಿ ತೆರೆಯಿತು.

“ಭಾವಾ! ಕೆಳಗಿಂದ ಮೇಲೆ ದೋಸೆ ಹೊಯ್ಯುವುದು ಎಲ್ಲಿ ನೋಡಿದ್ದೀ? ಹರಿದು ನಿನ್ನ ಕಾಲಿಗೇ ಬರ್ತದೆ!”

ಬಂದಾಗಿತ್ತು. ಮತ್ತೆ ಮೇಲಿನಿಂದ ಶುರು ಮಾಡಿದೆ, ರಬ್ಬರು ಪಟ್ಟಿ ಕಟ್ಟಿದ ಕೋಲಿನಿಂದ ಕೆಳಕ್ಕೆ ಎಳೆಯುತ್ತಾ. ಪೆಕ್ಕ ಬೇಲಿಯ ಮೇಲಿನಿಂದ ಒಂದು ಚೀಲ ಮರಳು ಇಳಿಸಿ, ದ್ರವದಲ್ಲಿ ಕಲಸು, ಇಲ್ಲದಿದ್ದರೆ ಚಡವು ಗಾಜಾಗುತ್ತದೆ ಎಂದ. ಕಲಸಿದೆ. ಸಂಜೆಯ ಹೊತ್ತಿಗೆ ಹನ್ನೊಂದು ಮಾರು ಕಪ್ಪಗೆ ಹೊಳೆಯುತ್ತಿತ್ತು. ನಾನು ಬೀದಿಯಲ್ಲಿದ್ದೆ, ಕೋಟು ಮತ್ತು ಚಪ್ಪಲಿ ಮೇಲೆ ಬಾಗಿಲ ಒಳಗಿದ್ದವು, ನಡುವೆ ನಾನೇ ಬಳಿದ ಮುಟ್ಟಬಾರದ ರಸ್ತೆ. ಅಕ್ಕ ಬರಲು ಇನ್ನೂ ಹೊತ್ತಿತ್ತು. ಪೆಕ್ಕ ಒಂದು ಮಾತೂ ಆಡದೆ ತನ್ನ ಹಿತ್ತಲಿನ ಮರದ ಗೂಡಿಗೆ ಕರೆದೊಯ್ದು, ಕಾದ ಕಲ್ಲಿನ ಮೇಲೆ ನೀರು ಎರಚಿ ನನ್ನನ್ನು ಆವಿಯಲ್ಲಿ ಕೂರಿಸಿದ. ನಮ್ಮ ಬಚ್ಚಲುಕೋಣೆಯಲ್ಲಿ ಮೀಯುವ ಬದಲು ಸುಮ್ಮನೆ ಕೂತು ಬೆವರಿದ ಹಾಗೆ. ಯಾವಾಗ ಎದ್ದು ಹೋಗಬೇಕು ಎಂದು ಅವನು ಹೇಳಲಿಲ್ಲ, ಕೇಳುವುದು ಮರ್ಯಾದೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಅಕ್ಕ ಬಂದು ಹೊರಗಿನಿಂದ ಕೂಗುವ ತನಕ ಕೂತೇ ಇದ್ದೆ. ಆ ಎರಡು ದಿನ ನಾನೂ ಅಕ್ಕನೂ ಪೆಕ್ಕನ ಏಣಿ ಹತ್ತಿ ಬೇಲಿ ದಾಟಿಯೇ ಮನೆಗೆ ಹೋಗಿಬಂದೆವು.

ಮಂಗಳವಾರ ಗಾಡಿ ಮೇಲೆ ಬಂತು. ಚಾಲಕಿ ಲೊರೇನ್, ಗಟ್ಟಿಮುಟ್ಟಾದ ಹೆಂಗಸು, ಇಳಿದು ಹಿಮ್ಮಡಿಯಿಂದ ಡಾಮರನ್ನು ಎರಡು ಸಲ ಕುಟ್ಟಿ ನೋಡಿದಳು.

“ಇವನಾ ಮಾಡಿದ್ದು?”

“ನನ್ನ ಹೆಂಡತಿಯ ತಮ್ಮ,” ಎಂದರು ಭಾವ. “ನಮ್ಮ ಊರಿನ ರಸ್ತೆಯೆಲ್ಲ ಇವನದ್ದೇ.”

ಇದು ಹೊಗಳಿಕೆ ಎಂದು ನಾನು ಆಗ ತಿಳಿದುಕೊಂಡೆ.

ಕೊಳವೆ

ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದರೆ ನೀರಿನ ಮಾತು ತಲೆಯಲ್ಲಿ ಕೂತಿತ್ತು. ಮನೆಯ ಮಾಡಿನ, ಅಂದರೆ ಛಾವಣಿಯ, ನೀರು ಇಳಿಯುವ ಕೊಳವೆ ಚಡವಿನ ಮೇಲ್ತುದಿಗೇ ಬೀಳುತ್ತಿತ್ತು. ಅಲ್ಲಿಂದ ಇಡೀ ಡಾಮರಿನ ಮೇಲೆ ಹರಿಯುತ್ತಿತ್ತು. ಬಲದ ಹುಲ್ಲುಹಾಸಿಗೆ ಬಿಟ್ಟರೆ ನೆಲಮಾಳಿಗೆಗೆ ನೀರು ಬರುತ್ತದೆ ಎಂದಳು ಅಕ್ಕ. ಉಳಿದದ್ದು ಎಡದ ಚರಂಡಿ. ನಮ್ಮ ಕಡೆ ಯಾವ ತೋಟದವನಿಗೂ ಪೈಪು ಜೋಡಿಸಲು ಹೇಳಿಕೊಡಬೇಕಾಗಿಲ್ಲ. ಪ್ಲಾಸ್ಟಿಕ್ ಪೈಪು ತಂದು, ಮಾಡಿನಿಂದ ಬೇಲಿಯ ಬುಡದಲ್ಲೇ ಕೆಳಗಿನ ತನಕ ಎಳೆದೆ. ಕೆಳಗೆ, ಬಾಯಿಯ ಹತ್ತಿರ, ಬಲದಿಂದ ಎಡದ ಚರಂಡಿಗೆ ನೀರು ದಾಟಬೇಕು. ದಾಟಲಿ ಎಂದು ಬಿಟ್ಟೆ. ಎರಡು ಮಾರು ಅಗಲ ಅಷ್ಟೆ. ಬಂಟ್ವಾಳದಲ್ಲಿ ಮಳೆಗಾಲ ಪೂರ್ತಿ ಮನೆಮನೆಯ ನೀರು ರಸ್ತೆ ದಾಟಿಯೇ ಹೋಗುತ್ತದೆ. ಬೈಕಿನವರು ಕಾಲೆತ್ತುತ್ತಾರೆ, ಮುಗಿಯಿತು.

ಹೊಸ ಡಾಮರಿನ ಹತ್ತು ಮಾರಿಗೆ ಇನ್ನು ಒಂದು ಹನಿಯೂ ತಾಗುವುದಿಲ್ಲ. ಪೆಕ್ಕನನ್ನು ಕರೆದು ತೋರಿಸಿದೆ. ಅವನು ಪೈಪನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಬಾಯಿಯ ಹತ್ತಿರ ನಿಂತು ಚರಂಡಿ ನೋಡಿದ. ಆಕಾಶ ನೋಡಿದ.

“ಹೊಸ ಉಪಾಯ,” ಎಂದ.

ಎರಡು ನಿಮಿಷ ಕಾದೆ. ಬೇರೇನೂ ಬರಲಿಲ್ಲ. ಅವನು ಒಳಗೆ ಹೋದ. ನನಗೆ ಖುಷಿಯಾಯಿತು, ಆ ಮನುಷ್ಯನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು ಎಂದು ಅಕ್ಕನಿಗೆ ಹೇಳಿದೆ.

“ಪೆಕ್ಕ ನಕ್ಕನಾ?” ಎಂದು ಕೇಳಿದಳು ಅಕ್ಕ.

“ಇಲ್ಲ.”

“ಹಾಗಾದ್ರೆ ಎಂತದೋ ಸರಿ ಇಲ್ಲ.”

“ನಿಂಗೆ ಎಲ್ಲದಕ್ಕೂ ಸಂಶಯ,” ಎಂದೆ ನಾನು.

ಇನ್ನೊಂದು ಮಂಗಳವಾರ

ನವೆಂಬರು ಮುಗಿಯುತ್ತಾ ಬಂದಿತ್ತು. ಮಂಜು ಎರಡು ಸಲ ಬಿದ್ದಿತ್ತು, ಪ್ಲಾಸ್ಟಿಕ್ ಸಲಿಕೆಯಿಂದ ತಳ್ಳಿದರೆ ಹೊಸ ಕಪ್ಪಿನ ಮೇಲಿನಿಂದ ಬೆಣ್ಣೆಯ ಹಾಗೆ ಜಾರುತ್ತಿತ್ತು. ಸೋಮವಾರ ವಿಚಿತ್ರ ಬಿಸಿಲು. ಮಾಡಿನ ಮಂಜು ಕರಗಿ ಪೈಪಿನಲ್ಲಿ ದಿನವಿಡೀ ಗುಳುಗುಳು ಹರಿಯಿತು. ಊರಿನ ಸದ್ದಿನಂತಿತ್ತು, ಕೇಳುತ್ತಾ ಕೂತೆ.

ಮಂಗಳವಾರ ಬೆಳಿಗ್ಗೆ ಇನ್ನೂ ಮಬ್ಬು. ಅಕ್ಕ ಕೆಲಸಕ್ಕೆ ಹೊರಡುವ ತಯಾರಿಯಲ್ಲಿದ್ದಳು, ಭಾವ ಕೋಟು ಹಾಕಿ ಕೋಲು ಹಿಡಿದು ಕೂತಿದ್ದರು. ಗಾಡಿಯ ದೀಪ ಕಂಡಿತು. ದೀಪ ಮೇಲಕ್ಕೆ ತಿರುಗಿತು, ನಿಂತಿತು, ನಿಧಾನವಾಗಿ ಹಿಂದಕ್ಕೆ ಬೀದಿಗೆ ಜಾರಿತು. ಮತ್ತೆ ತಿರುಗಿತು. ಮತ್ತೆ ಜಾರಿತು. ಲೊರೇನ್ ಇಳಿದು ಒಂದು ಕಾಲು ಇಟ್ಟು ನೋಡಿ ಹಿಂದೆ ತೆಗೆದಳು.

ನಾನು ಓಡಿದೆ. ಹತ್ತು ಮಾರು ಒಣಗಿದ, ಬಿಗಿಯಾದ, ಮರಳಿನ ಡಾಮರು, ಒಂದು ಬಿರುಕಿಲ್ಲ. ಕೊನೆಯಲ್ಲಿ ಬಾಯಿಯುದ್ದಕ್ಕೂ ನನ್ನ ಪೈಪಿನ ನೀರು ಗಾಜಿನ ಹಲಗೆಯಾಗಿ ಮಲಗಿತ್ತು. ಬಲಕ್ಕೆ ಮುಳ್ಳು, ಎಡಕ್ಕೆ ಚರಂಡಿ.

“ನನಗೆ ಹತ್ತು ನಿಮಿಷ ಇದೆ,” ಎಂದಳು ಲೊರೇನ್ ಆಚೆಯಿಂದ. “ಆಮೇಲೆ ಇನ್ನೊಬ್ಬರ ಮನೆಗೆ ಹೋಗಬೇಕು. ಅಷ್ಟರಲ್ಲಿ ದಾಟಲು ಆಗದಿದ್ದರೆ ಬರೆಯಲೇಬೇಕು. ನನಗೂ ಇಷ್ಟ ಇಲ್ಲ.”

ಮರಳು! ಉಳಿದ ಮರಳನ್ನು ಬಕೆಟಿನಲ್ಲಿ ಹೊರಗೇ ಇಟ್ಟಿದ್ದೆ, ನಮ್ಮಲ್ಲಿ ಮರಳು ರಾಶಿ ರಸ್ತೆ ಬದಿಯಲ್ಲೇ ಇರುತ್ತದಲ್ಲ. ಅದರ ಮೇಲೆ ಮಳೆ ಬಿದ್ದಿತ್ತು, ಮಂಜು ಬಿದ್ದಿತ್ತು. ಕರಣೆ ಹಾಕಿದರೆ ಕರಣೆಯ ಹಿಡಿ ಮುರಿಯಿತು. ಬಕೆಟಿನ ಆಕಾರದ ಒಂದು ಕಲ್ಲು. ಉಪ್ಪು? ಹೊಸ ಡಾಮರಿಗೆ ಬೇಡ ಎಂದು ತರಿಸದೆ ಇದ್ದವನು ನಾನೇ. ಅಡುಗೆಮನೆಯ ಡಬ್ಬಿ ತಂದು ಸುರಿದೆ, ಆ ಚಳಿಗೆ ಉಪ್ಪು ಉಪ್ಪಾಗಿಯೇ ಉಳಿಯಿತು. ಪೆಕ್ಕ ಬೇಟೆಯ ವಾರ ಎಂದು ಹಿಂದಿನ ದಿನವೇ ಕಾಡಿಗೆ ಹೋಗಿದ್ದ.

“ಸದಾ, ಎಷ್ಟು ನಿಮಿಷ ಆಯ್ತು?” ಎಂದು ಮೇಲಿನಿಂದ ಅಕ್ಕ ಕೂಗಿದಳು. ಅವಳ ದನಿ ಹಾಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ತೀರಾ ಸ್ಪಷ್ಟವಾಗಿದೆ, ಆದ್ದರಿಂದ ನಂಬುವುದಿಲ್ಲ. ನಾನು ಒಳಗೆ ಓಡಿ, ಅಡುಗೆಮನೆಯ ಮೂಲೆಯಿಂದ ಕುಚ್ಚಲಕ್ಕಿಯ ಚೀಲವನ್ನು ಹೆಗಲಿಗೆ ಹಾಕಿ ತಂದು, ಮಂಜುಗಡ್ಡೆಯ ಮೇಲೆ ಬೀಜ ಬಿತ್ತಿದ ಹಾಗೆ ಚೆಲ್ಲಿದೆ. ನಾಲ್ಕು ಗಂಟೆ ದೂರದ ಪೇಟೆಯಿಂದ ತರಿಸಿದ ಅಕ್ಕಿ. ಕೆಂಪು ಕಾಳುಗಳು ಗಡ್ಡೆಗೆ ಅಂಟಿಕೊಂಡು ನಿಂತವು. ಅಕ್ಕ ಹೇಳುವುದು, ಚೀಲ ತಂದು ಚೆಲ್ಲಿದ್ದು ತಾನು, ನಾನು ಮುರಿದ ಕರಣೆ ಹಿಡಿದು ನಿಂತಿದ್ದೆ ಅಷ್ಟೆ. “ಆ ಪಾಪ ನಂದು, ನೀನು ಅದರಲ್ಲಿ ಪಾಲು ಕೇಳ್ಬೇಡ,” ಎನ್ನುತ್ತಾಳೆ.

ಲೊರೇನ್ ಒಂದು ಕಾಲಿಟ್ಟಳು. ಜಾರಲಿಲ್ಲ. ಕರಕರ ಸದ್ದು ಮಾಡುತ್ತಾ ದಾಟಿ, ಹತ್ತು ಮಾರು ಹತ್ತಿ, ಬಾಗಿಲಿಗೆ ಹೋಗಿ ಭಾವನ ತೋಳು ಹಿಡಿದಳು. ಇಬ್ಬರೂ ನಿಧಾನವಾಗಿ ಇಳಿದು ಬಂದರು. ಗೆದ್ದೆವು ಎಂದುಕೊಂಡೆ. ಅಕ್ಕಿಯ ಹತ್ತಿರ ಬಂದು ಭಾವ ನಿಂತರು.

“ಇದೆಂತ ಇದು?”

“ದಾಟಿ ಭಾವ, ಜಾರುವುದಿಲ್ಲ.”

“ಕುಚ್ಚಲಕ್ಕಿ ಅಲ್ವಾ?”

ಭಾವ ಮುಂದಿಟ್ಟಿದ್ದ ಕೋಲನ್ನು ಹಿಂದಕ್ಕೆ ತೆಗೆದರು.

“ಅಕ್ಕಿ ತುಳೀಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ.”

“ಅಯ್ಯೋ, ಆಸ್ಪತ್ರೆಗೆ ಹೋಗಿ ಬಂದ ಮೇಲೆ ಶಾಸ್ತ್ರ ಹೇಳಿ!” ಎಂದಳು ಅಕ್ಕ. “ಗಾಡಿ ಹೋಗ್ತದೆ!”

“ನಲವತ್ತು ವರ್ಷ ಅದನ್ನೇ ಬೇಯಿಸಿ ಬದುಕಿದವ ನಾನು. ಬೂಟು ಹಾಕಿ ತುಳಿಯುವುದಾ?”

ಲೊರೇನ್‌ಗೆ ಅರ್ಥವಾಗಲಿಲ್ಲ. ಹೆದರಬೇಡಿ, ನಾನು ಹಿಡಿದಿದ್ದೇನೆ ಎಂದು ಮೆಲ್ಲಗೆ ಹೇಳುತ್ತಿದ್ದಳು. ಇವರಿಗೆ ಹೆದರಿಕೆ ಅಲ್ಲ, ಇದು ನಮ್ಮ ಅನ್ನ, ಅದರ ಮೇಲೆ ಕಾಲಿಡುವುದಿಲ್ಲ ಎಂದು ನಾನು ಹೇಳಿದೆ. ಹಾಗಾದರೆ ಇಲ್ಲಿ ಏಕೆ ಹಾಕಿದಿರಿ ಎಂದು ಅವಳು ಕೇಳಿದಳು.   ಅವಳು ಗಡಿಯಾರ ನೋಡಿದಳು. ಭಾವ ಕೋಲು ಊರಿ ಅಕ್ಕಿಯನ್ನೇ ನೋಡುತ್ತಿದ್ದರು. ಮುಖ ಮೊಂಡುತನದ್ದಾಗಿರಲಿಲ್ಲ; ಎಲ್ಲೋ ದಾರಿ ತಪ್ಪಿದವರ ಹಾಗಿತ್ತು.

“ನನ್ನ ಬೂಟು ತೆಗಿ,” ಎಂದರು ನನಗೆ.

“ನಿಮ್ಮ ಕಾಲು!” ಎಂದಳು ಅಕ್ಕ. “ಡಾಕ್ಟ್ರು ಎಂತ ಹೇಳಿದ್ದಾರೆ? ಒಂದು ಗಾಯ ಆದ್ರೆ ಒಣಗುವುದಿಲ್ಲ ನಿಮಗೆ!”

“ನಾಲ್ಕು ಹೆಜ್ಜೆ ಮಾರಾಯ್ತಿ. ಎರಡೆರಡು ಸಾಕ್ಸು ಉಂಟು.”

ನಾನು ಬಗ್ಗಿ ಬೂಟು ಬಿಚ್ಚಿದೆ. ಅಲ್ಲ, ಲೊರೇನ್ ಬಿಚ್ಚಿದಳು ಎನ್ನುತ್ತಾರೆ ಭಾವ. ಇಬ್ಬರೂ ಬಗ್ಗಿರಬೇಕು, ತಲೆಗೆ ತಲೆ ತಾಗಿದ ನೋವು ನನಗೆ ನೆನಪಿದೆ. ಉಣ್ಣೆಯ ಸಾಕ್ಸಿನಲ್ಲಿ ಅವರು ಮೊದಲ ಹೆಜ್ಜೆ ಇಟ್ಟರು. ಒಂದು ಕಡೆ ಲೊರೇನ್, ಒಂದು ಕಡೆ ಕೋಲು. ಅಕ್ಕ ಹಿಂದೆ ಬಾಯಿಗೆ ಕೈ ಹಿಡಿದುಕೊಂಡಿದ್ದಳು. ಎರಡು. ಮೂರು. ಮೂರನೆಯದರಲ್ಲಿ ಕಾಲು ಒಂದು ಬೆರಳಷ್ಟು ಸರಿಯಿತು, ಲೊರೇನ್ ಬಿಡಲಿಲ್ಲ. ನಾಲ್ಕು, ಐದು. ಬೀದಿ.

ಗಾಡಿಯಲ್ಲಿ ಕೂತು ಕಾಲಿಗೆ ಕಂಬಳಿ ಸುತ್ತಿಸಿಕೊಂಡ ಮೇಲೆ ಭಾವ ನನ್ನನ್ನು ಕರೆದರು.

“ನನಗೆ ಬಗ್ಗಲಿಕ್ಕೆ ಆಗುವುದಿಲ್ಲ. ನನ್ನ ಬದಲಿಗೆ ನೀನು ಮುಟ್ಟಿ ಕಣ್ಣಿಗೆ ಒತ್ತಿಕೋ.”

ಬೀದಿಯಲ್ಲಿ ಮಂಡಿಯೂರಿ ಅಕ್ಕಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಬೆರಳಿಗೆ ಎರಡು ಕಾಳು ಅಂಟಿಕೊಂಡವು, ಬರಲೊಲ್ಲವು.

“ನನಗೂ ಮಾಡಲಿಕ್ಕೆ ಇದೆಯಾ?” ಎಂದು ಕೇಳಿದಳು ಲೊರೇನ್.

“ಇಲ್ಲ ಇಲ್ಲ, ನೀವು ಹೊರಡಿ,” ಎಂದಳು ಅಕ್ಕ. ಗಾಡಿ ಹೋದ ಮೇಲೆ ಅವಳು ನನ್ನನ್ನು ಬೈಯಬೇಕಿತ್ತು. ಬೈಯದೆ ಕಾರ್ಖಾನೆಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದಳು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಅದೇ ಮಧ್ಯಾಹ್ನ

ಹನ್ನೊಂದರ ಹೊತ್ತಿಗೆ ಪೆಕ್ಕ ಬೇಟೆ ಸಿಗದೆ ವಾಪಸು ಬಂದ. ಬಾಯಿಯಲ್ಲಿ ನಿಂತು ಕೆಂಪು ಗಡ್ಡೆಯನ್ನು ಬಹಳ ಹೊತ್ತು ನೋಡಿದ.

“ಇದು ಮಂಜು ಕರಗಿಸುತ್ತದಾ?”

“ಇಲ್ಲ.”

“ಯಾವ ಅಂಗಡಿಯದು?”

ಹೇಳಿದೆ. ಅವನು ಕಬ್ಬಿಣದ ಹಾರೆಕೋಲು ತಂದು ಗಡ್ಡೆಯನ್ನು ಒಡೆದ. ಅಕ್ಕಿ ಇರುವ ತುಂಡುಗಳನ್ನು ಎಲ್ಲಿಗೆ ಹಾಕಲಿ ಎಂದು ನನ್ನ ಮುಖ ನೋಡಿದ; ಹೂವಿನ ಗಿಡದ ಬುಡಕ್ಕೆ ಎಂದೆ. ಆಮೇಲೆ ನನ್ನ ಪೈಪನ್ನು ಎತ್ತಿ, ಮನೆಯ ಹಿಂದಿನ ಕಲ್ಲುರಾಶಿಯ ಕಡೆಗೆ ತಿರುಗಿಸಿ ಜೋಡಿಸಿದ. ಚಹಾ ಕುಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ.

“ನಿನಗೆ ಆವತ್ತೇ ಗೊತ್ತಿತ್ತಾ?” ಎಂದು ಕೇಳಿದೆ.

“ಗೊತ್ತಿತ್ತು.”

“ಏಕೆ ಹೇಳಲಿಲ್ಲ?”

ಎರಡು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಯಿತು.

“ಮೂವತ್ತು ವರ್ಷ ಎಂದಿದ್ದೆ ನೀನು,” ಎಂದ. “ಎರಡು ಸಲ.”

ಮಧ್ಯಾಹ್ನ ಗಾಡಿ ಬಾಗಿಲಿನ ತನಕ ಬಂತು. ಭಾವನ ಪಾದಗಳನ್ನು ಅಕ್ಕ ಕನ್ನಡಕ ಹಾಕಿಕೊಂಡು ಬೆರಳು ಬೆರಳು ಬಿಡಿಸಿ ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಊಟಕ್ಕೆ ಚಪಾತಿ. ಭಾವ ಒಂದು ತುಂಡು ಮುರಿದು, ಇವತ್ತು ಅನ್ನ ಎಲ್ಲಿ ಎಂದು ಕೇಳಲಿಲ್ಲ. ಬದಲಿಗೆ, ಅಕ್ಕಿ ಹಾಕಲು ಹೇಳಿದ್ದು ತಾನೇ, ಕಿಟಕಿಯಿಂದ ಕೂಗಿದ್ದು ನಮಗೆ ಯಾರಿಗೂ ಕೇಳಲಿಲ್ಲ ಎಂದರು. ಅಕ್ಕ ಇಲ್ಲ ಎಂದಳು, ನಾನೂ ಇಲ್ಲ ಎಂದೆ. ಮೂವರೂ ಗಟ್ಟಿ ದನಿಯಲ್ಲಿ ಜಗಳ ಆಡಿದೆವು, ಪ್ರತಿಯೊಬ್ಬರೂ ತಪ್ಪು ತನ್ನದೇ ಎಂದು. ತೀರ್ಮಾನ ಆಗಲಿಲ್ಲ. ಇದನ್ನು ಬರೆಯುವಾಗ ಮತ್ತೆ ಫೋನು ಮಾಡಿ ಕೇಳಿದೆ, ಈಗಲೂ ಆಗಿಲ್ಲ.

ಲೊರೇನ್ ಆ ದಿನ ಒಂದು ಹಳದಿ ಚೀಟಿಯನ್ನು ಭಾವನ ಕೈಗೆ ಕೊಟ್ಟು ಹೋಗಿದ್ದಳು. ಅದರ ಇನ್ನೊಂದು ಪ್ರತಿ ಅವರ ಆಫೀಸಿಗೆ ಹೋಗುತ್ತದಂತೆ. ಅಕ್ಕ ಓದಲು ಹೆದರಿ ನನಗೆ ಕೊಟ್ಟಳು. ಅಚ್ಚಾದ ಗೆರೆಗಳ ಮೇಲೆ ಲೊರೇನ್ ದೊಡ್ಡ ಅಕ್ಷರದಲ್ಲಿ ತುಂಬಿಸಿದ್ದಳು. ಬಾಗಿಲು ತಲುಪಿದೆ: ಹೌದು. ತಡ: ಆರು ನಿಮಿಷ. ಕಾರಣ: ಅಕ್ಕಿ.

ಆಫೀಸಿನಲ್ಲಿ ಅದನ್ನು ಓದಿದವರು ಏನೆಂದುಕೊಂಡರೋ ಗೊತ್ತಿಲ್ಲ. ಯಾರೂ ಫೋನು ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ಗಾಡಿ ಬಂತು.